ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಬೀಳುತ್ತದೆ? ಹಂಡೆ, ಗ್ಯಾಸು, ಗೀಸರ್, ಸೋಲಾರ್‌ಗಳ ಲೆಕ್ಕ

ನಮ್ಮ ಕಡೆ ಮನೆ ಬೆಚ್ಚಗಿಡಲು ಯಾರೂ ಇಂಧನ ಸುಡುವುದಿಲ್ಲ. ಚಳಿಯಾದರೆ ಇನ್ನೊಂದು ಕಂಬಳಿ ಹೊದೆಯುತ್ತೇವೆ, ಅಷ್ಟೆ. ಆದರೆ ಸ್ನಾನಕ್ಕೆ ಬಿಸಿನೀರು ಇಲ್ಲದೆ ಆಗುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲೂ 'ಒಂಚೂರು ಉಗುರು ಬೆಚ್ಚಗಿರಲಿ' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಹಾಗಾಗಿ ಅಡುಗೆಮನೆ ಬಿಟ್ಟರೆ ಹೆಚ್ಚು ಇಂಧನ ತಿನ್ನುವುದು ಬಚ್ಚಲುಮನೆಯೇ. 2025ರ ಏಪ್ರಿಲ್‌ನಲ್ಲಿ ಗ್ಯಾಸ್ ಸಿಲಿಂಡರ್ ಬೆಲೆ ಒಂದೇ ಸಲ 50 ರೂಪಾಯಿ ಏರಿತು. ಅದೇ ತಿಂಗಳಿಂದ ಕರೆಂಟ್ ಬಿಲ್ಲಿನ ನಿಗದಿತ ಶುಲ್ಕವೂ ಏರಿತು. ಆಮೇಲೆ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಬ್ಬರು ಕೇಳತೊಡಗಿದರು: ಗ್ಯಾಸ್ ಗೀಸರ್ ತೆಗೆಸಿ ಕರೆಂಟಿನದು ಹಾಕಿಸಲಾ? ಸೋಲಾರ್ ಹಾಕಿಸಿದರೆ ಗಿಟ್ಟುತ್ತದಾ? ಊರಿನ ಹಂಡೆ ಒಲೆ ಒಡೆಸಿಬಿಡಲಾ?

ನನ್ನ ತಾಯಿ ಇರುವುದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ನಾನಿರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಮೇಲಿನ ಎಲ್ಲ ಬಗೆಯ ನೀರಲ್ಲೂ ಮಿಂದವನು ನಾನು, ಕೆಲವಕ್ಕೆ ದಂಡವನ್ನೂ ತೆತ್ತಿದ್ದೇನೆ. ಆ ಅನುಭವದ ಮೇಲೆ ಈ ಹೋಲಿಕೆ.

ಮೊದಲು ಬಕೆಟ್ ಲೆಕ್ಕ

ಅಂಗಡಿಯವರು ವ್ಯಾಟ್, ಲೀಟರ್, ಸ್ಟಾರ್ ಅಂತ ಹೇಳುತ್ತಾರೆ. ಅದನ್ನೆಲ್ಲ ಒಂದು ಬಕೆಟ್ಟಿಗೆ ಇಳಿಸಿಕೊಂಡರೆ ತಲೆನೋವು ಕಡಿಮೆ. 20 ಲೀಟರಿನ ಬಕೆಟ್ ಇಟ್ಟುಕೊಳ್ಳಿ. ಮೇಲಿನ ಟ್ಯಾಂಕಿನ ನೀರು 22 ಡಿಗ್ರಿ, ಮೈಗೆ ಹಿತವಾಗುವ ನೀರು 42 ಡಿಗ್ರಿ. ಅಂದರೆ 20 ಲೀಟರನ್ನು 20 ಡಿಗ್ರಿ ಏರಿಸಬೇಕು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. ಒಟ್ಟು 400. ಇಂಧನ ಯಾವುದೇ ಇರಲಿ, ಈ 400 ಮಾತ್ರ ಬದಲಾಗುವುದಿಲ್ಲ.

ಕರೆಂಟಿನ ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲರಿ. ಅಲ್ಪಸ್ವಲ್ಪ ಸೋರಿಕೆ ಸೇರಿಸಿದರೆ ಬಕೆಟ್ಟಿಗೆ ಅರ್ಧ ಯೂನಿಟ್. 2025ರ ಏಪ್ರಿಲ್‌ನಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ 5.80 ರೂಪಾಯಿ ಆಯಿತು. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗೆಂದು ಆ ವರ್ಷ ಸರ್‌ಚಾರ್ಜ್ 36 ಪೈಸೆ, ಆಮೇಲೆ ತೆರಿಗೆ. ನಾನು ಸುಲಭಕ್ಕೆ 7 ರೂಪಾಯಿ ಅಂತ ಹಿಡಿಯುತ್ತೇನೆ. ಬಕೆಟ್ಟಿಗೆ ಮೂರೂವರೆ ರೂಪಾಯಿ ಆಯಿತು.

14.2 ಕೆಜಿ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ಕಿಲೋಕ್ಯಾಲರಿ ಇರುತ್ತದೆ. ಗ್ಯಾಸ್ ಗೀಸರ್ ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನೀರಿಗೆ ಕೊಟ್ಟರೂ ಸುಮಾರು 300 ಬಕೆಟ್. ಸಿಲಿಂಡರಿಗೆ 2025ರ ಏಪ್ರಿಲ್ ಏರಿಕೆಯ ನಂತರದ 855 ರೂಪಾಯಿ ಅಂತ ಹಿಡಿದರೆ ಬಕೆಟ್ಟಿಗೆ ಮೂರು ರೂಪಾಯಿಗೆ ಚೂರು ಕಡಿಮೆ. ಅದೇ ಗ್ಯಾಸನ್ನು ಅಡುಗೆಮನೆಯ ಒಲೆಯಲ್ಲಿ ಪಾತ್ರೆಯಿಟ್ಟು ಉರಿಸಿದರೆ ಸುತ್ತಮುತ್ತ ಹೋಗುವ ಬಿಸಿ ಇನ್ನೂ ಹೆಚ್ಚು. ಆಗ ಕರೆಂಟಿನಷ್ಟೇ ಬೀಳುತ್ತದೆ.

ಇಲ್ಲಿಗೇ ಒಂದು ವಿಷಯ ಗೊತ್ತಾಯಿತು. ಗ್ಯಾಸಿಗೂ ಕರೆಂಟಿಗೂ ಇರುವ ಅಂತರ ಬಕೆಟ್ಟಿಗೆ ಎಂಟಾಣೆ, ಹನ್ನೆರಡಾಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನೂರು ರೂಪಾಯಿಯೊಳಗಿನ ಮಾತು. ಇದಕ್ಕಾಗಿ ಗೋಡೆ ಒಡೆಸಿ ಪೈಪು ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ದುಡ್ಡು ಸೋರುವುದು ಬೇರೆ ಕಡೆ.

ಕರೆಂಟು: ಗೀಸರ್‌ಗಿಂತ ಗೃಹಜ್ಯೋತಿ ಮುಖ್ಯ

15 ಲೀಟರಿನ ಗೀಸರ್ 60 ಡಿಗ್ರಿಗೆ ಕಾದರೆ, ತಣ್ಣೀರು ಬೆರೆಸಿ ಸಿಗುವುದು ಒಂದೂವರೆ ಬಕೆಟ್ ಹತ್ತಿರ. ಒಬ್ಬರು ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸಿ ಆಫೀಸಿಗೆ ಓಡುತ್ತಾರೆ. ಮಿಕ್ಕ ಅರ್ಧ ಬಕೆಟ್ಟಿನ ಬಿಸಿ ಟ್ಯಾಂಕಿನಲ್ಲೇ ಕೂತು ಆರುತ್ತದೆ. ಎರಡು ಗಂಟೆ ಬಿಟ್ಟು ಇನ್ನೊಬ್ಬರು ಮತ್ತೆ ಸ್ವಿಚ್ ಒತ್ತುತ್ತಾರೆ. ನಮ್ಮ ಮನೆಯಲ್ಲಿ ಮೊದಲು ನಡೆಯುತ್ತಿದ್ದುದು ಇದೇ. ಈಗ ಒಬ್ಬರ ಹಿಂದೆ ಒಬ್ಬರು ಹೋಗುತ್ತೇವೆ. ಕೊನೆಯವರು ಹೋಗುವಾಗಲೇ ಸ್ವಿಚ್ ಆರಿಸುತ್ತೇವೆ, ಟ್ಯಾಂಕಿನಲ್ಲಿರುವುದೇ ಅವರಿಗೆ ಸಾಕು. ಗೀಸರ್ ಬದಲಿಸಲಿಲ್ಲ, ಬಿಲ್ಲು ಇಳಿಯಿತು. ಹಗಲೆಲ್ಲ ಗೀಸರ್ ಹಾಕಿಯೇ ಇರುವ ಮನೆಗೆ ಸ್ಟಾರ್ ಗುರುತು ಮುಖ್ಯ. ಕಾದ ನೀರು ಸುಮ್ಮನೆ ಕೂತಾಗ 24 ಗಂಟೆಯಲ್ಲಿ ಎಷ್ಟು ಕರೆಂಟು ಕಳೆಯುತ್ತದೆ ಎಂಬುದನ್ನು ಆ ಚೀಟಿ ಹೇಳುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಹಾಕಿ ಆರಿಸುವವರು ಆ ಸ್ಟಾರಿಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ಇನ್‌ಸ್ಟಂಟ್ ಗೀಸರ್, ಅಂದರೆ 3 ಲೀಟರ್ 3 ಕಿಲೋವ್ಯಾಟಿನದು, ಒಂಟಿ ಇರುವವರಿಗೆ ಸರಿ. ಮಿಕ್ಕ ನೀರು ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ನಲ್ಲಿಯನ್ನು ಸಣ್ಣಗೆ ಬಿಡಬೇಕು, ಬಕೆಟ್ ತುಂಬಲು ಒಂಬತ್ತು ಹತ್ತು ನಿಮಿಷ. ಅವಸರದಲ್ಲಿ ಜೋರಾಗಿ ತಿರುಗಿಸಿದರೆ ತಣ್ಣೀರೇ ಬರುತ್ತದೆ, 'ಗೀಸರ್ ಕೆಟ್ಟಿದೆ' ಅಂತ ರಿಪೇರಿಯವನಿಗೆ ಫೋನು ಹೋಗುತ್ತದೆ. ಹಳೇ ಮನೆಯಾದರೆ 16 ಆಂಪ್ಸ್ ಪ್ಲಗ್ ಮತ್ತು ದಪ್ಪ ವೈರು ಇದೆಯೇ ಅಂತ ಮೊದಲು ನೋಡಿಸಿ.

ಇನ್ನು ಎಲ್ಲಕ್ಕಿಂತ ಅಗ್ಗದ ಕಾಯಿಲ್. 1,500 ವ್ಯಾಟಿನದು ಬಕೆಟ್ಟನ್ನು 20 ನಿಮಿಷದಲ್ಲಿ ಕಾಯಿಸುತ್ತದೆ. ಬಿಸಿಯೆಲ್ಲ ನೀರಿಗೇ ಇಳಿಯುವುದರಿಂದ ಲೆಕ್ಕದಲ್ಲಿ ಇದನ್ನು ಮೀರಿಸುವ ಕರೆಂಟ್ ಗೀಸರ್ ಇಲ್ಲ. ಆದರೆ ಮರೆತರೆ ಕೆಟ್ಟಿರಿ. ಬ್ಯಾಚುಲರ್ ಕೋಣೆಯಲ್ಲಿದ್ದಾಗ ನಾನೊಮ್ಮೆ ಕಾಯಿಲ್ ಹಾಕಿ ಮಲಗಿಬಿಟ್ಟೆ. ಎದ್ದು ನೋಡಿದರೆ ಹಸಿರು ಪ್ಲಾಸ್ಟಿಕ್ ಬಕೆಟ್ಟಿನ ಒಂದು ಮಗ್ಗುಲು ಕರಗಿ, ನೆಲದ ತುಂಬ ನೀರು, ಅದರ ಮಧ್ಯೆ ವೈರು. ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕಬೇಕು, ಮಕ್ಕಳಿರುವ ಮನೆಯಲ್ಲಿ ಕಾಯಿಲ್ಲೇ ಬೇಡ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಅಪಘಾತ ಆಗುತ್ತಲೇ ಇರುತ್ತವೆ.

ಈಗ ಗೃಹಜ್ಯೋತಿ. 2023ರಿಂದ ಇರುವ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 (ಕಡಿಮೆ ಬಳಸುವ ಮನೆಗಳಿಗೆ 2024ರಿಂದ ಅದರ ಬದಲು 10 ಯೂನಿಟ್) ಸೇರಿಸಿ ಅಷ್ಟು ಮಾತ್ರ ಉಚಿತ. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ.

ಇದು ಬಿಸಿನೀರಿಗೆ ಹೇಗೆ ತಾಗುತ್ತದೆ ನೋಡಿ. ನಾಲ್ಕು ಬಕೆಟ್, ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಈಗ ತಿಂಗಳಿಗೆ 150 ಯೂನಿಟ್ ಬಳಸುತ್ತಿರುವ ಮನೆಯವರು ಗ್ಯಾಸ್ ದುಬಾರಿ ಅಂತ ಕರೆಂಟ್ ಗೀಸರ್ ಹಾಕಿಸಿದರೆ 210ಕ್ಕೆ ಹೋದರು. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ, 3 ಕಿಲೋವ್ಯಾಟ್ ಲೋಡ್ ಮಂಜೂರಾಗಿದ್ದರೆ, ನಿಗದಿತ ಶುಲ್ಕವೂ ಸೇರಿ ಸಾವಿರದ ಎಂಟುನೂರರ ಆಸುಪಾಸಿನ ಬಿಲ್ಲು. ಉಳಿಸಿದ್ದು ತಿಂಗಳಿಗೆ ಅರ್ಧ ಸಿಲಿಂಡರೂ ಅಲ್ಲ. ಇದರ ಉಲ್ಟಾ ಮಾತೂ ನಿಜ. 2022–23ರಲ್ಲೇ ಗೀಸರ್ ಬಳಸುತ್ತಿದ್ದವರ ಸರಾಸರಿಯಲ್ಲಿ ಬಿಸಿನೀರಿನ ಯೂನಿಟ್ಟೂ ಸೇರಿಹೋಗಿದೆ, ಅವರ ನೀರು ಈಗ ಪುಕ್ಕಟೆಯೇ ಕಾಯುತ್ತಿದೆ. ಅಂಥವರಿಗೆ ಯಾರು ಏನೇ ಹೇಳಲಿ, ಏನನ್ನೂ ಬದಲಿಸಬೇಡಿ ಎನ್ನುತ್ತೇನೆ. ಏನೇ ನಿರ್ಧಾರಕ್ಕೂ ಮೊದಲು ಹಳೆಯ ಮೂರು ತಿಂಗಳ ಬಿಲ್ಲು ಹರವಿಕೊಂಡು ನಿಮ್ಮ ಅರ್ಹ ಯೂನಿಟ್ ಎಷ್ಟು ಅಂತ ನೋಡಿಕೊಳ್ಳಿ.

ಗ್ಯಾಸ್ ಗೀಸರ್: ಎಲ್ಲಿ ಹಾಕುತ್ತೀರಿ ಅನ್ನುವುದೇ ಪ್ರಶ್ನೆ

ಎರಡು ದಪ್ಪ ಸೆಲ್ ಹಾಕಿದರೆ ಸಾಕು, ಕರೆಂಟಿಲ್ಲದಿದ್ದರೂ ಹೊತ್ತಿಕೊಳ್ಳುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿ. ನಾಲ್ಕು ಜನರ ಮನೆಗೆ ಎರಡೂವರೆ ತಿಂಗಳಿಗೊಂದು ಸಿಲಿಂಡರ್ ಸ್ನಾನಕ್ಕೇ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮೇಲಿನ ಟ್ಯಾಂಕ್ ತೀರ ಹತ್ತಿರದಲ್ಲಿದ್ದು ನೀರಿನ ಒತ್ತಡ ಕಡಿಮೆಯಾದರೆ ಹೊತ್ತಿಕೊಳ್ಳುವುದೇ ಇಲ್ಲ, ಒಂದಂತಸ್ತಿನ ಮನೆಗಳಲ್ಲಿ ಈ ತಕರಾರು ಜಾಸ್ತಿ.

ಇವೆಲ್ಲ ಸಣ್ಣ ವಿಷಯ. ದೊಡ್ಡ ವಿಷಯ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಬಚ್ಚಲಿನಲ್ಲಿ ಉರಿ ಗಾಳಿಯನ್ನೆಲ್ಲ ತಿಂದು, ಅರೆಬರೆ ಉರಿದು ಈ ಅನಿಲ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುತ್ತದಲ್ಲ, ಆ ವಾಸನೆ ಬೇಕೆಂದೇ ಬೆರೆಸಿದ್ದು. ಇದಕ್ಕೆ ಅಂಥ ಸುಳಿವೇ ಇಲ್ಲ. ತಲೆ ಭಾರ, ಸುತ್ತು ಅನ್ನುವಷ್ಟರಲ್ಲಿ ಕಾಲು ಕುಸಿದಿರುತ್ತದೆ, ಬಾಗಿಲಿನ ಚಿಲಕ ಒಳಗಿನಿಂದ ಹಾಕಿರುತ್ತದೆ. ಚಳಿಗಾಲ ಬಂತೆಂದರೆ ಇಂಥ ಸಾವಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ: ಫ್ಯಾನು ಹಾಕಲು ಮರೆಯುವ ದಿನವೊಂದು ಬಂದೇ ಬರುತ್ತದೆ. ಗೀಸರ್ ಯುಟಿಲಿಟಿಯಲ್ಲೋ ತೆರೆದ ಬಾಲ್ಕನಿಯಲ್ಲೋ ಇರಬೇಕು, ಒಳಗೆ ಪೈಪು ಮಾತ್ರ ಬರಬೇಕು. ಅಂಥ ಜಾಗ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಗ್ಯಾಸ್ ಗೀಸರ್ ನಿಮ್ಮ ಮನೆಗಲ್ಲ. ಈಗಾಗಲೇ ಒಳಗಿದ್ದರೆ ಹೊರಗೆ ಸಾಗಿಸಲು ಪ್ಲಂಬರನ್ನು ಈ ವಾರವೇ ಕರೆಸಿ.

ಸೋಲಾರ್: ಬಿಸಿಲು ಪುಕ್ಕಟೆ, ಪೈಪು ಅಲ್ಲ

ದಿನಕ್ಕೆ 100 ಲೀಟರ್ ಕಾಯಿಸುವ ಸೋಲಾರ್ 60 ಡಿಗ್ರಿ ಮುಟ್ಟಿದರೆ, ತಣ್ಣೀರು ಬೆರೆಸಿ ಒಂಬತ್ತು ಬಕೆಟ್ ಸಿಗುತ್ತದೆ. ನಾಲ್ಕು ಜನರ ಮನೆಗೆ ಧಾರಾಳ. ಇಪ್ಪತ್ತು ಸಾವಿರ ಖರ್ಚಾಯಿತು ಅಂದುಕೊಳ್ಳಿ. ದಿನಕ್ಕೆ ನಾಲ್ಕು ಬಕೆಟ್, ಮೂರೂವರೆಯಂತೆ ತಿಂಗಳಿಗೆ 420 ರೂಪಾಯಿ ಉಳಿತಾಯ. ಮೋಡದ ದಿನ ಕಳೆದರೆ ವರ್ಷಕ್ಕೆ ನಾಲ್ಕು ಸಾವಿರ, ಐದು ವರ್ಷದಲ್ಲಿ ಅಸಲು ಬಂತು. ಇದು ಸ್ವಂತ ಮನೆಯವರ ಲೆಕ್ಕ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಗೆ ಅಸಲು ಯಾವತ್ತೂ ಬರುವುದಿಲ್ಲ. ಸೋಲಾರ್ ಹಾಕಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಬಹಳ ವರ್ಷಗಳಿಂದ ಇದೆ. ಅರ್ಜಿ ಕೊಡದೆ ಬಿಟ್ಟವರು ಎಷ್ಟೋ ಮಂದಿ. ನಿಮ್ಮ ಬಿಲ್ಲಿನಲ್ಲಿ ಆ ಸಾಲು ಇದೆಯೇ ನೋಡಿ.

ಗಾಜಿನ ಕೊಳವೆಯದಾ, ಚಪ್ಪಟೆ ತಟ್ಟೆಯದಾ? ಕೊಳವೆಯದು ಅಗ್ಗ, ಮೋಡದಲ್ಲೂ ಸುಮಾರಾಗಿ ಕಾಯುತ್ತದೆ, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ತಟ್ಟೆಯದು ಗಟ್ಟಿ, ಬಾಳಿಕೆ ಹೆಚ್ಚು, ಆದರೆ ಒಳಗಿನ ತಾಮ್ರದ ಸಣ್ಣ ಪೈಪುಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಳ್ಳುತ್ತದೆ. ಗಡಸು ನೀರಿನವರು ತಟ್ಟೆಯದನ್ನೇ ಬಯಸಿದರೆ ಬೋರ್ ನೀರು ಆ ಪೈಪುಗಳೊಳಗೆ ಹೋಗದಂತೆ ಬೇರೆಯಾಗಿಡುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ. ಮಲೆನಾಡಿನವರಿಗೆ ಇನ್ನೊಂದು ವಿಷಯ ಹೇಳಬೇಕು, ಇದನ್ನು ಯಾವ ಕಂಪನಿಯ ಚೀಟಿಯಲ್ಲೂ ಬರೆದಿರುವುದಿಲ್ಲ: ಮಂಗ. ನಮ್ಮ ಪಕ್ಕದ ಮನೆಯವರ ಎರಡು ಕೊಳವೆ ಹೋದದ್ದು ಆಲಿಕಲ್ಲಿನಿಂದಲ್ಲ, ಹಂಚಿನ ಮೇಲಿಂದ ಜಿಗಿದ ಮುಸುವನಿಂದ.

ಸೋಲಾರ್ ನೀರು ಅತಿ ಬಿಸಿ ಇರುವುದು ಸಂಜೆ ನಾಲ್ಕೈದು ಗಂಟೆಗೆ. ರಾತ್ರಿಯೆಲ್ಲ ಅದು ಆರುತ್ತಲೇ ಇರುತ್ತದೆ. ಸಂಜೆ ಮೀಯುವ ಅಭ್ಯಾಸದ ಕರಾವಳಿ ಮನೆಗೆ ಇದು ಹೇಳಿಮಾಡಿಸಿದಂತೆ. ಬೆಳಿಗ್ಗೆ ಆರಕ್ಕೇ ಮೀಯುವವರು ರಾತ್ರಿ ಪಾತ್ರೆ ತೊಳೆಯಲು ಆ ನಲ್ಲಿ ತಿರುಗಿಸದಿದ್ದರೆ ಸಾಕು. ಬಿಸಿ ಎಳೆದಷ್ಟೂ ಕೆಳಗಿನಿಂದ ತಣ್ಣೀರು ತುಂಬಿಕೊಳ್ಳುತ್ತದೆ. ಇನ್ನು ಪೈಪು. ಮೂರನೇ ಮಹಡಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ 15 ಮೀಟರ್ ಮುಕ್ಕಾಲಿಂಚಿನ ಪೈಪು ಇದ್ದರೆ ಅದರೊಳಗೇ ನಾಲ್ಕು ಲೀಟರ್ ಆರಿದ ನೀರು. ಅದು ಹೋಗಿ, ಪೈಪು ಬಿಸಿಯಾಗುವಷ್ಟರಲ್ಲಿ ಅರ್ಧ ಬಕೆಟ್ ಚರಂಡಿಗೆ. ಟ್ಯಾಂಕರ್ ನೀರು ಕೊಳ್ಳುವ ಬೆಂಗಳೂರಿನ ಬೀದಿಗಳಲ್ಲಿ ಅದಕ್ಕೂ ದುಡ್ಡಿದೆ. ಮೊದಲ ನೀರನ್ನು ಬೇರೆ ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿ.

ನಾನು ದಂಡ ತೆತ್ತದ್ದು ಸೋಲಾರಿನ ಬ್ಯಾಕಪ್ ಕಾಯಿಲ್‌ಗೆ. ಹಿಂದಿನ ಬಾಡಿಗೆ ಮನೆಯಲ್ಲಿ ಜುಲೈ ತಿಂಗಳು ಬಿಸಿಲೇ ಇರಲಿಲ್ಲ. 'ಮೋಡ ಇದ್ದಾಗ ಈ ಸ್ವಿಚ್ ಹಾಕಿ' ಅಂತ ಮನೆ ಮಾಲೀಕರು ತೋರಿಸಿದ್ದರು, ಹಾಕಿದೆ. ಆ ತಿಂಗಳ ಬಿಲ್ಲು ನೋಡಿ ಮೀಟರೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಒಬ್ಬರ ಒಂದು ಬಕೆಟ್ಟಿಗಾಗಿ ಆ ಕಾಯಿಲ್ 100 ಲೀಟರನ್ನೂ ಕಾಯಿಸುತ್ತದೆ, ಒಂದು ಸಲಕ್ಕೆ ನಾಲ್ಕೂವರೆ ಯೂನಿಟ್, ಮೂವತ್ತು ರೂಪಾಯಿ. ಸೋಲಾರ್ ಇದ್ದವರು ಮಳೆಗಾಲಕ್ಕೆ ಬಚ್ಚಲಿನಲ್ಲೊಂದು ಸಣ್ಣ ಇನ್‌ಸ್ಟಂಟ್ ಗೀಸರ್ ಇಟ್ಟುಕೊಳ್ಳುವುದೇ ಲೇಸು, ಆ ಮೇಲಿನ ಸ್ವಿಚ್ಚಿಗೆ ಟೇಪು ಸುತ್ತಿಬಿಡಿ.

ಮನೆಯ ತಾರಸಿಯಲ್ಲಿ ಕರೆಂಟ್ ಮಾಡುವ ಪ್ಯಾನೆಲ್ ಹಾಕಿಸುವ ಯೋಚನೆಯೂ ಈಗ ಬಹಳ ಜನರಿಗಿದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಅದನ್ನು ಹಾಕಿಸುವವರು ನೀರಿನ ಸೋಲಾರಿಗೆ ಬೇರೆ ದುಡ್ಡು ಹಾಕುವ ಮುನ್ನ ತಾರಸಿಯಲ್ಲಿ ಜಾಗ ಎಷ್ಟಿದೆ ನೋಡಿಕೊಳ್ಳಲಿ.

ಹಂಡೆ ಮತ್ತು ಬಾಯ್ಲರ್

ಊರಿನ ಬಚ್ಚಲಲ್ಲಿ ಗಾರೆ ಒಲೆಯೊಳಗೆ ಕುತ್ತಿಗೆವರೆಗೆ ಹೂತ ತಾಮ್ರದ ಹಂಡೆ. ಬೆಳಗಿನ ಜಾವ ಅಮ್ಮ ಒಲೆಬಾಯಿಗೆ ಒಣ ಅಡಿಕೆ ಹಾಳೆ ತುರುಕಿ, ಅದರ ಮೇಲೆ ಎರಡು ಕರಟ ಇಟ್ಟು, ಊದುಗೊಳವೆಯಲ್ಲಿ ಒಮ್ಮೆ ಊದಿದರೆ ಸಾಕು. ಕರಟ ಚಟಚಟ ಅನ್ನುತ್ತದೆ, ಹಿಂದಿನಿಂದ ತೆಂಗಿನ ಮಟ್ಟೆ ದೂಡುತ್ತಾಳೆ. ಒಮ್ಮೆ ಕಾದರೆ ಕೆಂಡದ ಬಿಸಿಗೇ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುವುದು ಇದೇ ಹಂಡೆಗೆ.

ಆದರೆ ಲೆಕ್ಕದಲ್ಲಿ ಹಂಡೆ ಒಲೆ ಹೊಟ್ಟೆಬಾಕ. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಮೂರೂವರೆ ಸಾವಿರ ಕಿಲೋಕ್ಯಾಲರಿ ಇದ್ದರೂ ನೀರಿಗೆ ಸೇರುವುದು ಆರರಲ್ಲೊಂದು ಪಾಲು ಅಂದುಕೊಳ್ಳಿ. ಬಕೆಟ್ಟಿಗೆ ಮುಕ್ಕಾಲು ಕೆಜಿ ಹತ್ತಿರ ಬೇಕು. ಕಟ್ಟಿಗೆಯನ್ನು ಕೆಜಿಗೆ 6 ರೂಪಾಯಿಯಂತೆ ಕೊಂಡರೂ ಬಕೆಟ್ಟಿಗೆ ನಾಲ್ಕು ರೂಪಾಯಿ ದಾಟಿತು, ಕರೆಂಟಿಗಿಂತ ದುಬಾರಿ. ಹಾಗಾಗಿ ಕಟ್ಟಿಗೆ ಕೊಂಡು ಹಂಡೆ ಕಾಯಿಸುವವರು ದಯವಿಟ್ಟು ನಿಲ್ಲಿಸಿ. ತೋಟದಲ್ಲಿ ಬಿದ್ದದ್ದನ್ನು ಉರಿಸುವವರ ಲೆಕ್ಕ ಬೇರೆ. ಅದನ್ನೇ ಅಮ್ಮನಿಗೆ ಹೇಳಿದೆ, ನಿನಗೇನಮ್ಮ, ಪುಕ್ಕಟೆ ಅಂತ. ಅವಳು ಸೋಗೆಯ ಹೊರೆ ಕೆಳಗಿಳಿಸಿ ಅಂದಳು, "ಪುಕ್ಕಟೆ ಯಾವುದೋ? ಇದನ್ನ ತೋಟದಿಂದ ಹೊತ್ತು ತರೋದು ನಿನ್ನ ಲೆಕ್ಕದಲ್ಲಿ ಎಲ್ಲಿ ಬರೀತೀಯ?" ಈಗ ಅಡಿಕೆ ಹಾಳೆಗೂ ತಟ್ಟೆ ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಅದನ್ನು ಒಲೆಗೆ ಹಾಕುವುದೂ ಖರ್ಚೇ.

ಒಲೆಯನ್ನೇ ಸುಧಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು 'ಅಸ್ತ್ರ ಒಲೆ' ತಂದದ್ದು ನಮ್ಮ ಹಿರಿಯರಿಗೆ ನೆನಪಿದೆ. ಅದರ ಸೂತ್ರ ಸರಳ: ಕಟ್ಟಿಗೆಯ ಕೆಳಗೆ ಸರಳು ಇರಲಿ, ಗಾಳಿ ಅಲ್ಲಿಂದ ಬರಲಿ, ಬಾಯಿ ಸಣ್ಣದಿರಲಿ, ಹೊಗೆ ಚಿಮಣಿಯಲ್ಲಿ ಹೋಗಲಿ. ಇಷ್ಟನ್ನು ಹಂಡೆ ಒಲೆಗೂ ಗಾರೆಯವರಿಂದ ಮಾಡಿಸಬಹುದು. ಕಟ್ಟಿಗೆಯೂ ಉಳಿಯುತ್ತದೆ, ಕಣ್ಣುರಿಯೂ ತಪ್ಪುತ್ತದೆ. ಬಯಲುಸೀಮೆಯ ಹಳೇ ಮನೆಗಳಲ್ಲಿರುವ ತಾಮ್ರದ ಬಾಯ್ಲರ್ ಇದಕ್ಕಿಂತ ಜಾಣ. ಹೊಟ್ಟೆಯ ನಡುವೆ ಹೊಗೆ ಕೊಳವೆ, ಸುತ್ತ ನೀರು. ಉರಿಯ ಬಿಸಿ ಗೋಡೆಗೆ ಹೋಗದೆ ನೀರಿಗೇ ತಾಗುತ್ತದೆ. ನಾಲ್ಕೈದು ಕರಟ, ಹಿಡಿ ಚಕ್ಕೆಗೆ ಒಬ್ಬರ ಸ್ನಾನ ಆಗುತ್ತದೆ. ಅಜ್ಜಿಯ ಕಾಲದ ಬಾಯ್ಲರ್ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ, ತೂತು ಮುಚ್ಚಿಸಿ ಕಲಾಯಿ ಮಾಡಿಸಿ. ಹಾಗೆಂದು ಬಾಯ್ಲರನ್ನು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಹೊತ್ತಿಸಬಾರದು. ಗ್ಯಾಸ್ ಗೀಸರಿನ ವಿಷ ಇಲ್ಲಿಯೂ ಹುಟ್ಟುತ್ತದೆ.

ಹೀಟ್ ಪಂಪ್ ಬಗ್ಗೆ ಒಂದೇ ಮಾತು. ಸುತ್ತಲಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುವುದರಿಂದ ಕರೆಂಟು ಮೂರನೇ ಒಂದು ಪಾಲು ಸಾಕು, ಆದರೆ ಕೊಳ್ಳುವ ಬೆಲೆ ಜಾಸ್ತಿ. ಪಿಜಿ, ಹಾಸ್ಟೆಲ್, ಲಾಡ್ಜ್ ನಡೆಸುವವರು ವಿಚಾರಿಸಲಿ. ನಾಲ್ಕು ಬಕೆಟ್ಟಿನ ಮನೆಗೆ ಬೇಡ.

ಯಾರಿಗೆ ಯಾವುದು

ಕಲಬುರಗಿ, ರಾಯಚೂರು, ವಿಜಯಪುರದ ಕಡೆಯವರಿಗೆ ಬೇಸಿಗೆಯಲ್ಲಿ ಮೇಲಿನ ಟ್ಯಾಂಕೇ ಸೋಲಾರ್. ನೀರು ಕಾಯಿಸಬೇಕಾದ್ದು ಚಳಿಯ ಮೂರು ನಾಲ್ಕು ತಿಂಗಳು. ಅದಕ್ಕಾಗಿ ಇಪ್ಪತ್ತು ಸಾವಿರದ ಸೋಲಾರ್ ದಂಡ, ಒಂದು ಸಣ್ಣ ಗೀಸರ್ ಸಾಕು. ಬೆಂಗಳೂರು, ಮೈಸೂರಿನ ಸ್ವಂತ ಮನೆಯವರು ಗೃಹಜ್ಯೋತಿಯ ಹೊರಗಿದ್ದರೆ ಸೋಲಾರ್ ಹಾಕಿಸಲಿ, ಜೊತೆಗೆ ಇನ್‌ಸ್ಟಂಟ್. ಬಾಡಿಗೆಯವರು ಇರುವ ಗೀಸರನ್ನೇ ಹದವಾಗಿ ಬಳಸಲಿ: ಥರ್ಮೋಸ್ಟಾಟ್ ಅತಿ ಮೇಲೆ ಬೇಡ, ಒಬ್ಬರ ಹಿಂದೆ ಒಬ್ಬರು, ಷವರ್ ಬದಲು ಬಕೆಟ್ ಚೆಂಬು. ಎಂಟು ನಿಮಿಷದ ಷವರ್ ಸುಲಭವಾಗಿ ಮೂರು ಬಕೆಟ್ ನುಂಗುತ್ತದೆ. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಕಾಯಿಲ್ ಮೇಲಿನ ಸುಣ್ಣ ಕೆರೆಸಿ, ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ ಸವೆದಿದ್ದರೆ ಬದಲಿಸಿ. ಸುಣ್ಣ ಕಟ್ಟಿದ ಕಾಯಿಲ್ ಬೇಗ ಸುಟ್ಟುಹೋಗುತ್ತದೆ.

ಮಲೆನಾಡಿನದು ಬೇರೆಯೇ ಕಥೆ. ಬಿಸಿನೀರು ಅತಿ ಹೆಚ್ಚು ಬೇಕಾಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಬಿಸಿಲಿಲ್ಲ, ಕಟ್ಟಿಗೆ ಒಣಗುವುದಿಲ್ಲ, ಮರ ಬಿದ್ದು ಕರೆಂಟು ಎರಡು ಮೂರು ದಿನ ಇರುವುದಿಲ್ಲ. ಒಂದನ್ನೇ ನಂಬಿದರೆ ತಣ್ಣೀರೇ ಗತಿ. ಅಮ್ಮನ ಮನೆಗೆ ಹೋದ ವರ್ಷ ಒಂದು ಇನ್‌ಸ್ಟಂಟ್ ಗೀಸರ್ ಹಾಕಿಸಿದೆ. ಸೊಂಟನೋವಿನ ದಿನ ಅವಳಿಗೆ ಅದೇ. ಹಂಡೆ ಒಲೆ ಒಡೆಸಲಿಲ್ಲ, ಅದಕ್ಕೆ ಸರಳು, ಚಿಮಣಿ ಇಡಿಸಿದೆ. ಏಪ್ರಿಲ್‌ನಲ್ಲೇ ಕೊಟ್ಟಿಗೆಯ ಅಟ್ಟ ತುಂಬ ಮಟ್ಟೆ, ಕರಟ ಒಟ್ಟಿಟ್ಟಿದ್ದಳು. ಜುಲೈಯಲ್ಲಿ ನಾನು ಹೋದಾಗ ಕರೆಂಟು ಹೋಗಿ ಮೂರನೇ ದಿನ. ಗೀಸರ್ ಮೇಲೆ ಅವಳ ಒದ್ದೆ ಟವೆಲ್ ನೇತಾಡುತ್ತಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು.